ಖಳನಾಯಕ ನಿಜವಾಗ್ಲೂ ಗೆದ್ದುಬಿಟ್ಟರೆ? ಡಾಕ್ಟರ್ ಡೂಮ್‌ನ ಒಂದೇ ಪುಸ್ತಕದ ಕಥೆ

ಮಾರ್ವೆಲ್ ಕಾಮಿಕ್ಸ್ ಖಳನಾಯಕ ಡಾಕ್ಟರ್ ಡೂಮ್ ಪಾತ್ರವನ್ನು ಸಿನಿಮಾದಲ್ಲಿ ರಾಬರ್ಟ್ ಡೌನಿ ಜೂನಿಯರ್ ಮಾಡುತ್ತಾರೆ ಅಂತ 2024ರ ಜುಲೈನಲ್ಲಿ ಘೋಷಣೆ ಆಯ್ತಲ್ಲ, ಅವತ್ತಿನಿಂದ ಕಾಮಿಕ್ಸ್ ಕೈಯಲ್ಲೂ ಹಿಡಿಯದವರು ಬಂದು ಕೇಳುತ್ತಿದ್ದಾರೆ: ಯಾರಪ್ಪ ಇವನು, ಎಲ್ಲಿಂದ ಓದಲಿ? ಕೇಳುವುದು ಸುಲಭ. ಡೂಮ್ ಮೊದಲು ಕಾಣಿಸಿಕೊಂಡದ್ದು 1962ರಲ್ಲಿ, ಫೆಂಟಾಸ್ಟಿಕ್ ಫೋರ್ ಪತ್ರಿಕೆಯ 5ನೇ ಸಂಚಿಕೆಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅವನಿರುವ ಸಂಚಿಕೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟರೆ ಕಪಾಟು ಸಾಲುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಒಂದೇ ಪುಸ್ತಕದ ಹೆಸರು ಹೇಳುತ್ತೇನೆ. ಎಂಪರರ್ ಡೂಮ್. 1987ರದ್ದು. ಬರೆದವರು ಡೇವಿಡ್ ಮಿಶೆಲಿನಿ, ಚಿತ್ರ ಬಾಬ್ ಹಾಲ್. ಅರವತ್ತು ಚಿಲ್ಲರೆ ಪುಟ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಹಿಂದಿನದೇನೂ ಓದಿರಬೇಕಿಲ್ಲ. ಇದಕ್ಕಿಂತ ಚಂದದ ಡೂಮ್ ಕಥೆಗಳು ಬೇಕಾದಷ್ಟಿವೆ. ಆದರೆ ಖಳನಾಯಕನನ್ನು ನಡುವೆ ನಿಲ್ಲಿಸಿ ಕಥೆ ಹೇಳುವುದು ಯಾಕೆ ಕಷ್ಟ, ಅದಕ್ಕೆ ಬಿಡಿ ಪುಸ್ತಕವೇ ಯಾಕೆ ಬೇಕು ಅನ್ನುವುದು ಇದರಲ್ಲಿ ಗೊತ್ತಾದಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ. ಕಥೆಯ ಕೊನೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಓದಿಯೇ ತಿಳಿಯಬೇಕು ಅನ್ನುವವರು ಈಗಲೇ ಎದ್ದು ಹೋಗಿ.

ಮೊದಲು ಈ "ಬಿಡಿ ಪುಸ್ತಕ" ಅಂದರೇನು ನೋಡೋಣ.

ಅಮೆರಿಕದ ದೊಡ್ಡ ಸೂಪರ್‌ಹೀರೋ ಕಾಮಿಕ್ಸ್ ಅಂದರೆ ಮುಗಿಯದ ಧಾರಾವಾಹಿ. ತಿಂಗಳಿಗೊಂದು ಸಂಚಿಕೆ. ಮಾರ್ವೆಲ್‌ನಲ್ಲಂತೂ 1961ರಿಂದ ಬಂದ ಕಥೆಗಳೆಲ್ಲ ಹೆಚ್ಚುಕಡಿಮೆ ಒಂದೇ ಲೋಕದಲ್ಲಿ ನಡೆದವು ಅಂತ ಲೆಕ್ಕ. ಒಬ್ಬನ ಸಂಚಿಕೆಯಲ್ಲಿ ಸೇತುವೆ ಮುರಿದರೆ ಇನ್ನೊಬ್ಬನ ಸಂಚಿಕೆಯಲ್ಲಿ ಅದನ್ನು ರಿಪೇರಿ ಮಾಡುತ್ತಿರುತ್ತಾರೆ. ಇದಕ್ಕೆ ಓದುಗರು ಕಂಟಿನ್ಯುಯಿಟಿ ಅನ್ನುತ್ತಾರೆ. ಓದುವವರಿಗೆ ಇದೊಂದು ಖುಷಿ, ಬರೆಯುವವರಿಗೆ ಕಾಲಿಗೆ ಕಟ್ಟಿದ ಗುಂಡು. ಯಾಕಂದರೆ ನೀವು ಈ ತಿಂಗಳು ಏನೇ ಮಾಡಿದರೂ ಮುಂದಿನ ತಿಂಗಳು ಬರುವವನಿಗೆ ಆಟದ ಸಾಮಾನು ಸರಿಯಾಗಿ ವಾಪಸ್ ಕೊಡಬೇಕು. ಹೀರೋ ಸಾಯುವಂತಿಲ್ಲ. ಖಳನಾಯಕ ಗೆಲ್ಲುವಂತಿಲ್ಲ. ಸೋತರೂ ಪೂರ್ತಿ ಸೋಲುವಂತಿಲ್ಲ, ಇನ್ನಾರು ತಿಂಗಳಿಗೆ ಮತ್ತೆ ಬೇಕಲ್ಲ!

ಈ ಸಾಲಿನಿಂದ ಹೊರಗೆ ನಿಲ್ಲುವ ಪುಸ್ತಕಗಳಲ್ಲಿ ಹಲವು ಜಾತಿ. ಒಂದೇ ಸಂಚಿಕೆಯಲ್ಲಿ ಮುಗಿದರೆ ಒನ್ ಶಾಟ್. ನಾಲ್ಕೈದು ಸಂಚಿಕೆಗೆ ಮುಗಿದರೆ ಮಿನಿ ಸೀರೀಸ್. ದಪ್ಪ ಕಾಗದ, ದೊಡ್ಡ ಅಳತೆ, ಪೂರ್ತಿ ಕಥೆ ಒಂದೇ ಕಟ್ಟಿನಲ್ಲಿದ್ದರೆ ಗ್ರಾಫಿಕ್ ನಾವೆಲ್. ಇದೆಲ್ಲ ಆಕಾರದ ಮಾತು. ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಕಥೆ "ನಿಜವಾಗಿ" ನಡೆಯಿತೋ ಇಲ್ಲವೋ ಅನ್ನುವುದು. 1977ರಲ್ಲಿ ಮಾರ್ವೆಲ್ ವಾಟ್ ಇಫ್ ಅಂತ ಒಂದು ಪತ್ರಿಕೆಯನ್ನೇ ಶುರು ಮಾಡಿತು. ಹಾಗಾಗದೆ ಹೀಗಾಗಿದ್ದರೆ ಅನ್ನುವ ಕಥೆಗಳು. ಅಲ್ಲಿ ಯಾರು ಬೇಕಾದರೂ ಸಾಯಬಹುದು, ಯಾಕಂದರೆ ಅದು ಬೇರೆ ಲೋಕ. ಎಂಪರರ್ ಡೂಮ್ ಆ ಸುಲಭದ ದಾರಿ ಹಿಡಿಯುವುದಿಲ್ಲ. ಇದು ಮಾರ್ವೆಲ್‌ನ ಮಾಮೂಲಿ ಲೋಕದಲ್ಲೇ ನಡೆಯುತ್ತದೆ, ಆದರೆ ಯಾರ ತಿಂಗಳ ಸಂಚಿಕೆಯಲ್ಲೂ ಅಲ್ಲ. ಅಂದರೆ ಡೂಮ್ ಗೆಲ್ಲಬೇಕು, ಪ್ರಪಂಚವನ್ನೇ ಗೆಲ್ಲಬೇಕು, ಮತ್ತೆ ಕೊನೆಯ ಪುಟಕ್ಕೆ ಎಲ್ಲ ಸಾಮಾನೂ ಇದ್ದ ಜಾಗಕ್ಕೆ ಬರಬೇಕು. ಲೆಕ್ಕ ಹಾಕಿದರೆ ಆಗದ ಕೆಲಸ.

ಖಳನಾಯಕ ಗೆಲ್ಲದಿರುವುದಕ್ಕೆ ಇನ್ನೊಂದು ಹಳೆಯ ಕಾರಣವೂ ಇತ್ತು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆ ಅಂತ ಅಮೆರಿಕದಲ್ಲಿ ಗಲಾಟೆ ಎದ್ದಾಗ 1954ರಲ್ಲಿ ಪ್ರಕಾಶಕರೇ ಸೇರಿ ಕಾಮಿಕ್ಸ್ ಕೋಡ್ ಅನ್ನುವ ನಿಯಮಾವಳಿ ಮಾಡಿಕೊಂಡರು. ಒಳ್ಳೆಯದು ಗೆಲ್ಲಲೇಬೇಕು, ಅಪರಾಧಿಗೆ ಶಿಕ್ಷೆ ಆಗಲೇಬೇಕು ಅಂತ ಅದರಲ್ಲಿ ಬರೆದೇ ಇತ್ತು. 1975ರಲ್ಲಿ ಬ್ಯಾಟ್‌ಮನ್ ವೈರಿ ಜೋಕರ್‌ಗೆ ಅವನದೇ ಪತ್ರಿಕೆ ಬಂತು. ಹೆಸರಿನಲ್ಲಿ ಅವನೇ ಹೀರೋ, ಆದರೆ ಪ್ರತಿ ಸಲವೂ ಅವನು ಪಾಠ ಕಲಿಯಬೇಕು. ಹುಲಿಯನ್ನು ತಂದು ಸೊಪ್ಪು ತಿನ್ನಿಸಿದ ಹಾಗಾಯ್ತು. ಒಂಬತ್ತು ಸಂಚಿಕೆಗೆ ನಿಂತುಹೋಯಿತು. ಆಶ್ಚರ್ಯವೇನಿಲ್ಲ.

1982ರಲ್ಲಿ ಮಾರ್ವೆಲ್ ತನ್ನ ಗ್ರಾಫಿಕ್ ನಾವೆಲ್ ಮಾಲೆ ಶುರು ಮಾಡಿತು. ಮೊದಲ ಪುಸ್ತಕದಲ್ಲೇ ಕ್ಯಾಪ್ಟನ್ ಮಾರ್ವೆಲ್ ಅನ್ನುವ ಹೀರೋ ಕ್ಯಾನ್ಸರ್‌ನಿಂದ ಸಾಯುತ್ತಾನೆ, ಯಾರ ಜೊತೆಗೂ ಹೊಡೆದಾಡಿ ಅಲ್ಲ. ಈ ಮಾಲೆಯ ಪುಸ್ತಕಗಳಿಗೆ ಕೋಡ್‌ನ ಮುದ್ರೆ ಇರಲಿಲ್ಲ. ಎಂಪರರ್ ಡೂಮ್ ಬಂದದ್ದು ಈ ಮಾಲೆಯಲ್ಲೇ. ಬಾಗಿಲು ಆಗಲೇ ತೆರೆದಿತ್ತು.

ಸರಿ, ಈ ಡೂಮ್ ಯಾರು?

ಹುಟ್ಟಿಸಿದವರು ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ. ಹೆಸರು ವಿಕ್ಟರ್ ವಾನ್ ಡೂಮ್. ಊರು ಲ್ಯಾಟ್ವೇರಿಯಾ, ಯುರೋಪಿನ ಪೂರ್ವದಲ್ಲಿದೆ ಅಂತ ಕಲ್ಪಿಸಿಕೊಂಡ ಪುಟ್ಟ ದೇಶ. ಅವನ ಹಿಂದಿನ ಕಥೆ 1964ರ ಒಂದು ವಾರ್ಷಿಕ ಸಂಚಿಕೆಯಲ್ಲಿ ಬಂತು. ರೊಮಾನಿ ಅಲೆಮಾರಿ ಕುಟುಂಬ. ತಾಯಿ ಮಾಟಗಾತಿ, ತಂದೆ ನಾಟಿ ವೈದ್ಯ. ಇಬ್ಬರೂ ಬೇಗ ಸಾಯುತ್ತಾರೆ. ಹುಡುಗನ ಬುದ್ಧಿ ಎಷ್ಟು ಚುರುಕು ಅಂದರೆ ಅಮೆರಿಕದ ವಿಶ್ವವಿದ್ಯಾಲಯ ಅವನನ್ನು ಕರೆಸಿಕೊಳ್ಳುತ್ತದೆ. ಅಲ್ಲಿ ಸತ್ತವರ ಲೋಕದ ಕಡೆಗೆ ಕಿಟಕಿ ತೆರೆಯುವ ಯಂತ್ರ ಕಟ್ಟುತ್ತಾನೆ. ಸಹಪಾಠಿ ರೀಡ್ ರಿಚರ್ಡ್ಸ್, ಮುಂದೆ ಫೆಂಟಾಸ್ಟಿಕ್ ಫೋರ್ ಹೀರೋ ತಂಡದ ನಾಯಕ ಆಗುವವನು, ಅವನ ಲೆಕ್ಕದ ಹಾಳೆ ನೋಡಿ, ಇಲ್ಲಿ ತಪ್ಪಿದೆ ನೋಡು ಅನ್ನುತ್ತಾನೆ. ವಿಕ್ಟರ್ ಕೇಳುವುದಿಲ್ಲ. ಯಂತ್ರ ಸಿಡಿಯುತ್ತದೆ, ಮುಖ ಸುಡುತ್ತದೆ, ಕಾಲೇಜಿನಿಂದ ಹೊರಗೆ ಹಾಕುತ್ತಾರೆ. ಟಿಬೆಟ್‌ನ ಸನ್ಯಾಸಿಗಳ ಹತ್ತಿರ ಹೋಗಿ ಉಕ್ಕಿನ ಕವಚ ಮಾಡಿಸಿಕೊಳ್ಳುತ್ತಾನೆ. ಮುಖವಾಡ ಇನ್ನೂ ಆರಿರುವುದಿಲ್ಲ. ತಡೆಯದೆ ಹಾಗೇ ಮುಖಕ್ಕೆ ಹಾಕಿಕೊಳ್ಳುತ್ತಾನೆ.

ಇಲ್ಲೊಂದು ಸೊಗಸಾದ ಸಂಗತಿ. ಚಿತ್ರ ಬರೆದ ಕರ್ಬಿಯ ಮನಸ್ಸಿನಲ್ಲಿ ಆ ಸ್ಫೋಟದಿಂದ ಆದದ್ದು ಒಂದು ಸಣ್ಣ ಗಾಯದ ಗುರುತು ಅಷ್ಟೇ. ಅಷ್ಟಕ್ಕೇ ಅವನು ಜೀವನಪೂರ್ತಿ ಮುಖ ಮುಚ್ಚಿಕೊಂಡ. ಆಮೇಲೆ 1980ರ ದಶಕದಲ್ಲಿ ಫೆಂಟಾಸ್ಟಿಕ್ ಫೋರ್ ಬರೆಯುತ್ತಿದ್ದ ಜಾನ್ ಬರ್ನ್ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ಸ್ಫೋಟ ಮಾಡಿದ್ದು ಸಣ್ಣ ಗುರುತು, ಪೂರ್ತಿ ಮುಖ ಹಾಳು ಮಾಡಿದ್ದು ಆ ಕಾದ ಮುಖವಾಡವೇ. ಅಂದರೆ ಕೆಡಿಸಿಕೊಂಡದ್ದು ತಾನೇ. ದೂರುವುದು ಮಾತ್ರ ರೀಡ್ ರಿಚರ್ಡ್ಸ್‌ನನ್ನು, ಅದೂ ಯಂತ್ರಕ್ಕೆ ಅವನೇ ಏನೋ ಮಾಡಿರಬೇಕು ಅಂತ. ಒಂದು ಲೆಕ್ಕದ ತಪ್ಪನ್ನು ಒಪ್ಪಿಕೊಳ್ಳಲಾಗದೆ ಪ್ರಪಂಚವನ್ನೇ ತಿದ್ದಲು ಹೊರಟ ಮನುಷ್ಯ. ಡೂಮ್ ಬಗ್ಗೆ ಇದಿಷ್ಟು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಇದರಿಂದಲೇ ಹೊರಡುತ್ತದೆ.

ಮಾಟಮಂತ್ರವೂ ಗೊತ್ತು ಅವನಿಗೆ. ಆದರೆ ಹುಟ್ಟಿದ್ದು ವೈಜ್ಞಾನಿಕ ಕಥೆಯಲ್ಲಿ. ಮೊದಲ ಸಂಚಿಕೆಯಲ್ಲೇ ಕಾಲಯಂತ್ರ ಇಟ್ಟುಕೊಂಡು, ಹೀರೋಗಳನ್ನು ಕಡಲ್ಗಳ್ಳರ ಕಾಲಕ್ಕೆ ಕಳಿಸಿ ನಿಧಿ ತರಿಸಲು ನೋಡುತ್ತಾನೆ. ತನ್ನ ಹಾಗೇ ಕಾಣುವ ಡೂಮ್‌ಬಾಟ್ ಅನ್ನುವ ರೋಬಾಟ್‌ಗಳ ದೊಡ್ಡ ದಂಡೇ ಇದೆ. ಬರಹಗಾರರಿಗಂತೂ ಈ ರೋಬಾಟ್‌ಗಳು ವರದಾನ. ಒಮ್ಮೆ ಎಕ್ಸ್‌ಮೆನ್ ಕಥೆಯೊಂದರಲ್ಲಿ ಆರ್ಕೇಡ್ ಅನ್ನುವ ಇನ್ನೊಬ್ಬ ಕೇಡಿ ಡೂಮ್‌ನ ಕವಚಕ್ಕೆ ಬೆಂಕಿಕಡ್ಡಿ ಗೀರಿದ, ಡೂಮ್ ಸುಮ್ಮನಿದ್ದ. ಬರ್ನ್‌ಗೆ ಇದು ಹಿಡಿಸಲಿಲ್ಲ. ಡೂಮ್ ಅಂಥದ್ದನ್ನೆಲ್ಲ ಸಹಿಸುತ್ತಾನಾ? 1983ರ ಫೆಂಟಾಸ್ಟಿಕ್ ಫೋರ್ ಸಂಚಿಕೆಯೊಂದರಲ್ಲಿ, ಅವತ್ತು ಅಲ್ಲಿದ್ದದ್ದು ಡೂಮ್‌ಬಾಟ್ ಅಂತ ಬರೆದೇ ಬಿಟ್ಟರು. ಬೇರೆಯವರು ಬರೆದ ಅವಮಾನವನ್ನು ಒಂದೇ ಏಟಿಗೆ ಅಳಿಸಿಹಾಕಿದರು. ಧಾರಾವಾಹಿ ಲೋಕದಲ್ಲಿ ಖಳನಾಯಕನ ಮರ್ಯಾದೆ ಕಾಪಾಡುವುದಕ್ಕೆ ಎಂಥೆಂಥ ಸರ್ಕಸ್ ಮಾಡಬೇಕು ನೋಡಿ.

ಎಂಪರರ್ ಡೂಮ್‌ನಲ್ಲಿ ಈ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಅಲ್ಲಿರುವುದು ಅಸಲಿ ಡೂಮ್.

ಕಥೆಯ ಯಂತ್ರ ಹೀಗೆ ಕೆಲಸ ಮಾಡುತ್ತದೆ. ಕಿಲ್‌ಗ್ರೇವ್ ಅಂತ ಒಬ್ಬನಿದ್ದಾನೆ, ಪರ್ಪಲ್ ಮ್ಯಾನ್. 1964ರಲ್ಲಿ ಡೇರ್‌ಡೆವಿಲ್ ಪತ್ರಿಕೆಯಲ್ಲಿ ಬಂದ ಪಾತ್ರ. ಜೆಸಿಕಾ ಜೋನ್ಸ್ ಸರಣಿ ನೋಡಿದವರಿಗೆ ಡೇವಿಡ್ ಟೆನೆಂಟ್ ಮಾಡಿದ ಪಾತ್ರ ಅಂದರೆ ತಕ್ಷಣ ನೆನಪಾಗುತ್ತದೆ. ಮೈಮೇಲೆ ರಾಸಾಯನಿಕ ಬಿದ್ದು ಅವನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿದೆ, ಮೈಯಿಂದ ಹೊರಡುವ ಏನೋ ಒಂದು ವಸ್ತು ಹತ್ತಿರದವರ ಮನಸ್ಸನ್ನು ಹಿಡಿಯುತ್ತದೆ. ಅವನು ಹೇಳಿದ್ದನ್ನು ಎದುರಿನವರು ಮಾಡಲೇಬೇಕು. ಮಾಡುವಾಗ ಬಲವಂತ ಅಂತಲೂ ಅನಿಸುವುದಿಲ್ಲ. ಆದರೆ ಅದರ ಪ್ರಭಾವ ಹತ್ತಿರದವರ ಮೇಲೆ ಮಾತ್ರ. ಡೂಮ್ ಮಾಡುವುದು ಇಷ್ಟೇ: ಅವನನ್ನು ಹಿಡಿದು ತಂದು ಒಂದು ದೊಡ್ಡ ಸ್ಫಟಿಕದೊಳಗೆ ಕೂರಿಸಿ, ಆ ಶಕ್ತಿಯನ್ನು ಇಡೀ ಭೂಮಿಗೆ ಹರಡುತ್ತಾನೆ. ಮನುಷ್ಯನನ್ನೇ ಬಿಡಿಭಾಗ ಮಾಡಿಕೊಂಡ ಪ್ರಸಾರ ಕೇಂದ್ರ ಅಂತ ಇಟ್ಟುಕೊಳ್ಳಿ.

ಈ ಯೋಜನೆಯಲ್ಲಿ ತೂತು ಇಲ್ಲದಿಲ್ಲ. ಉಸಿರಾಡದ ರೋಬಾಟ್‌ಗಳಿಗೆ ಇದು ತಾಗುವುದಿಲ್ಲ. ಅದಕ್ಕೆ ಡೂಮ್ ಸಮುದ್ರದ ರಾಜ ನೇಮರ್‌ನನ್ನು ಜೊತೆಗೆ ಸೇರಿಸಿಕೊಂಡು, ಅಂಥ ಯಂತ್ರಮಾನವರನ್ನೆಲ್ಲ ಮೊದಲೇ ಬದಿಗೆ ಸರಿಸುತ್ತಾನೆ. ನನಗೆ ಇಷ್ಟವಾಗುವುದು ಈ ಶಿಸ್ತು. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಖಳನಾಯಕ ಒಂದು ಪೆದ್ದು ತಪ್ಪು ಮಾಡುತ್ತಾನೆ, ಹೀರೋ ಅದನ್ನು ಹಿಡಿದು ಮೇಲೆ ಬರುತ್ತಾನೆ. ಇಲ್ಲಿ ಡೂಮ್ ಹಂತ ಹಂತವಾಗಿ ಕೆಲಸ ಮುಗಿಸುತ್ತಾ ಹೋಗುತ್ತಾನೆ, ನಾವು ಅವನ ಪಕ್ಕದಲ್ಲೇ ನಿಂತು ನೋಡುತ್ತೇವೆ.

ಒಂದು ದೃಶ್ಯವಂತೂ ಮರೆಯಲಾಗದು. ಕಿಲ್‌ಗ್ರೇವ್ ಸೆರೆಯಲ್ಲಿದ್ದಾನೆ. ಡೂಮ್ ಅವನ ಎದುರು ಬಂದು, ತನ್ನನ್ನು ಕಾಪಾಡುತ್ತಿರುವ ಮುಖವಾಡವನ್ನು ತಾನಾಗೇ ತೆಗೆಯುತ್ತಾನೆ. ಈಗ ನನಗೆ ಆಜ್ಞೆ ಮಾಡು, ನೋಡೋಣ ಅನ್ನುತ್ತಾನೆ. ಕಿಲ್‌ಗ್ರೇವ್ ಮಾಡುತ್ತಾನೆ. ಏನೂ ಆಗುವುದಿಲ್ಲ. ಡೂಮ್‌ನ ಛಲ ಗೆಲ್ಲುತ್ತದೆ, ಮುಖವಾಡ ವಾಪಸ್ ಏರುತ್ತದೆ, ಕೆಲಸ ಮುಂದುವರಿಯುತ್ತದೆ. ಯೋಜನೆಗೆ ಇದರ ಅಗತ್ಯವೇ ಇರಲಿಲ್ಲ. ಸೋತಿದ್ದರೆ ಎಲ್ಲ ನೀರುಪಾಲು. ಆದರೂ ಮಾಡಿದ, ಯಾಕಂದರೆ ತನ್ನ ಮನಸ್ಸು ಎಲ್ಲರ ಮನಸ್ಸಿನ ಹಾಗಲ್ಲ ಅಂತ ಅವನಿಗೇ ಒಂದು ಸಾಕ್ಷಿ ಬೇಕಿತ್ತು. ಪ್ರಪಂಚದ ಮೇಲೆ ಪ್ರಯೋಗಿಸುವ ವಿಷವನ್ನು ಮೊದಲು ತಾನು ಕುಡಿದು ನೋಡಿದ ಹಾಗೆ. ಇದೇ ದೃಶ್ಯವನ್ನು ತಿಂಗಳ ಸಂಚಿಕೆಯಲ್ಲಿ ಇಟ್ಟರೆ ಅದು ಹೀರೋ ಬರುವ ಮುಂಚಿನ ಎರಡು ಪುಟ. ಇಲ್ಲಿ ಅದೇ ಕಥೆಯ ಬೆನ್ನೆಲುಬು.

ಆಮೇಲೆ ಯಂತ್ರ ಚಾಲೂ ಆಗುತ್ತದೆ. ಡೂಮ್ ಕೇಳುತ್ತಾನೆ, ಪ್ರಪಂಚ ಕೊಡುತ್ತದೆ. ಒಂದು ಗುಂಡೂ ಹಾರುವುದಿಲ್ಲ.

ಇಷ್ಟರಲ್ಲಿ ಅವೆಂಜರ್ಸ್ ಅನ್ನುವ ಹೀರೋ ತಂಡದ ವಂಡರ್ ಮ್ಯಾನ್ ಅನ್ನುವವನೊಬ್ಬ, ಯಾವುದೋ ಪ್ರಯೋಗಕ್ಕೆ ಅಂತ ಸುಮಾರು ಒಂದು ತಿಂಗಳು ಹೊರಗಿನ ಗಾಳಿ ಬೆಳಕು ತಾಗದ ಕಡೆ ಮುಚ್ಚಿಕೊಂಡಿದ್ದಾನೆ. ಹೊರಗೆ ಬಂದು ನೋಡಿದರೆ ಪ್ರಪಂಚ ಬದಲಾಗಿದೆ. ಗೆಳೆಯರೆಲ್ಲ ಡೂಮ್‌ನ ಹೆಸರನ್ನು ಭಕ್ತಿಯಿಂದ ಹೇಳುತ್ತಾರೆ. ಇದೇನಾಯ್ತು ಅಂತ ಕೇಳಿದರೆ ಇವನನ್ನೇ ವಿಚಿತ್ರವಾಗಿ ನೋಡುತ್ತಾರೆ. ಮೊನ್ನೆ ಮೊನ್ನೆ ತಾನೇ ಜೀವದ ವೈರಿ ಆಗಿದ್ದವನು ಈಗ ಎಲ್ಲರ ಪ್ರೀತಿಯ ಚಕ್ರವರ್ತಿ. ವಂಡರ್ ಮ್ಯಾನ್ ಅಷ್ಟೇನೂ ದೊಡ್ಡ ಹೆಸರಿನ ಹೀರೋ ಅಲ್ಲ, ಅದೇ ಒಳ್ಳೆಯದಾಯ್ತು ಅನಿಸುತ್ತದೆ. ತನಗೇ ತಲೆ ಕೆಟ್ಟಿದೆಯೋ ಏನೋ ಅನ್ನುವ ಅನುಮಾನ ಅವನ ಮುಖಕ್ಕೆ ಚೆನ್ನಾಗಿ ಹೊಂದುತ್ತದೆ.

ಈಗ ಬರುತ್ತದೆ ನಿಜವಾದ ತೊಡಕು. ಡೂಮ್ ಆಳ್ವಿಕೆ ಚೆನ್ನಾಗಿದೆ!

ಯುದ್ಧಗಳು ನಿಲ್ಲುತ್ತಿವೆ. ಹಸಿದವರಿಗೆ ಊಟ ಸಿಗುತ್ತಿದೆ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ ಹೋಗಿದೆ. ಇದು 1987ರ ಪುಸ್ತಕ ಅನ್ನುವುದು ನೆನಪಿರಲಿ. ನೆಲ್ಸನ್ ಮಂಡೇಲಾ ಆಗಿನ್ನೂ ಜೈಲಿನಲ್ಲಿದ್ದರು, ಹೊರಗೆ ಬಂದದ್ದು 1990ರಲ್ಲಿ. ಶೀತಲ ಸಮರ ಮುಗಿದಿರಲಿಲ್ಲ. ಅವತ್ತಿನ ಓದುಗನಿಗೆ ದಿನಪತ್ರಿಕೆಯಲ್ಲಿ ಬಿಡಿಸಲಾಗದ ಗಂಟಾಗಿ ಕಾಣುತ್ತಿದ್ದದ್ದನ್ನು ಈ ಹಸಿರು ಗೌನಿನ ಸರ್ವಾಧಿಕಾರಿ ಒಂದು ತಿಂಗಳಲ್ಲಿ ಬಿಡಿಸಿ ತೋರಿಸುತ್ತಾನೆ. ಬೆಲೆ ಒಂದೇ: ಯಾರಿಗೂ ಬೇಡ ಅನ್ನುವ ಶಕ್ತಿ ಇಲ್ಲ. ಕಳೆದುಕೊಂಡಿದ್ದೇವೆ ಅಂತ ಗೊತ್ತೂ ಇಲ್ಲ.

ವೈಜ್ಞಾನಿಕ ಕಥೆ ಅಂದರೆ ರಾಕೆಟ್ಟು, ರೋಬಾಟು ಅಂತ ಅಂದುಕೊಂಡವರಿಗೆ ಇಲ್ಲಿ ನಿಲ್ಲಿಸಿ ಹೇಳಬೇಕು. ಇಲ್ಲಿರುವ ಕಾಲ್ಪನಿಕ ವಿಜ್ಞಾನ ಒಂದೇ ಒಂದು, ಆ ಸ್ಫಟಿಕ. ಉಳಿದದ್ದೆಲ್ಲ ಅದರಿಂದ ಏನಾಗುತ್ತದೆ ಅನ್ನುವ ಲೆಕ್ಕ. ಒಂದು ಸುಳ್ಳನ್ನು ಒಪ್ಪಿಕೊಂಡು ಅದರ ಬೆನ್ನು ಹತ್ತಿ ಕೊನೆಯವರೆಗೆ ಪ್ರಾಮಾಣಿಕವಾಗಿ ಹೋಗುವುದು. ನನ್ನ ಪ್ರಕಾರ ಈ ಜಾತಿಯ ಕಥೆಯ ಅಸಲಿ ಗುಣ ಅದೇ, ಮತ್ತು ಎಷ್ಟೋ ದೊಡ್ಡ ದೊಡ್ಡ ಕಾಮಿಕ್ಸ್‌ಗಳಲ್ಲಿ ಅದೇ ಕಾಣೆಯಾಗಿರುತ್ತದೆ.

ವಂಡರ್ ಮ್ಯಾನ್ ಕೆಲವರನ್ನು ಮಾಯೆಯಿಂದ ಬಿಡಿಸುತ್ತಾನೆ, ಕ್ಯಾಪ್ಟನ್ ಅಮೆರಿಕ ಕೂಡ ಸೇರಿಕೊಳ್ಳುತ್ತಾನೆ. ಎಚ್ಚರಾದ ಮೇಲೆ ಅವರೊಳಗೇ ಪ್ರಶ್ನೆ ಏಳುತ್ತದೆ. ಡೂಮ್‌ನನ್ನು ಕೆಳಗಿಳಿಸಿದರೆ ಆ ಯುದ್ಧಗಳೆಲ್ಲ ಮತ್ತೆ ಶುರು ಆಗುತ್ತವಲ್ಲ? ಅದರ ಹೊಣೆ ಯಾರದ್ದು? ಪುಸ್ತಕ ಸ್ವಲ್ಪ ಎಡವುವುದೂ ಇಲ್ಲೇ. ಈ ಚರ್ಚೆಗೆ ಇನ್ನೂ ಹತ್ತು ಪುಟ ಕೊಡಬೇಕಿತ್ತು. ಸ್ವಾತಂತ್ರ್ಯ ಮುಖ್ಯ ಅಂತ ಬೇಗ ತೀರ್ಮಾನ ಆಗಿ ಎಲ್ಲರೂ ಹೊಡೆದಾಟಕ್ಕೆ ಹೊರಡುತ್ತಾರೆ. ಸೂಪರ್‌ಹೀರೋ ಪುಸ್ತಕ ಅಲ್ವಾ, ಕೈಕೈ ಮಿಲಾಯಿಸದಿದ್ದರೆ ಓದುಗ ದುಡ್ಡು ವಾಪಸ್ ಕೇಳುತ್ತಾನೆ. ಬಾಬ್ ಹಾಲ್ ಅವರ ಚಿತ್ರಗಳೂ ಅಚ್ಚುಕಟ್ಟು ಅಷ್ಟೇ, ಕಣ್ಣು ಕುಕ್ಕುವಂಥದ್ದೇನಲ್ಲ. ಸ್ಫಟಿಕದೊಳಗೆ ಸಿಕ್ಕಿಕೊಂಡ ಕಿಲ್‌ಗ್ರೇವ್‌ನ ಪಾಡಿನ ಬಗ್ಗೆ ಯಾರಿಗೂ ಜಾಸ್ತಿ ಚಿಂತೆ ಇಲ್ಲ, ಅದೂ ನನಗೆ ಸ್ವಲ್ಪ ಚುಚ್ಚುತ್ತದೆ. ಅವನು ಕೇಡಿ ಹೌದು, ಆದರೂ.

ಆದರೆ ಡೂಮ್‌ನ ಕಡೆಗೆ ತಿರುಗಿದಾಗಲೆಲ್ಲ ಪುಸ್ತಕ ಮತ್ತೆ ಜೀವ ಪಡೆಯುತ್ತದೆ. ಸಿಂಹಾಸನದ ಮೇಲೆ ಕೂತವನಿಗೆ ಈಗ ಏನು ಕೆಲಸ? ಕಡತ. ವರದಿ. ಅಲ್ಲಿ ಧಾನ್ಯ ಎಷ್ಟು ಕಳಿಸಬೇಕು, ಇಲ್ಲಿ ಏನು ಮಾಡಬೇಕು. ಎದುರು ಮಾತಾಡುವವರು ಯಾರೂ ಇಲ್ಲ. ಹೊಗಳುವವರು ಬೇಕಾದಷ್ಟಿದ್ದಾರೆ, ಆದರೆ ಆ ಹೊಗಳಿಕೆ ತಾನೇ ತಿರುಗಿಸಿದ ಗುಂಡಿಯಿಂದ ಬಂದದ್ದು ಅಂತ ಅವನೊಬ್ಬನಿಗೆ ಗೊತ್ತು. ರೀಡ್ ರಿಚರ್ಡ್ಸ್ ಬಂದು ನೀನೇ ಸರಿ ಅಂತ ಒಪ್ಪಿದರೂ ಅದಕ್ಕೆ ಈಗ ಬೆಲೆ ಇಲ್ಲ. ಜೀವನವಿಡೀ ಯಾವ ಮಾತಿಗಾಗಿ ಹಲ್ಲು ಕಚ್ಚಿಕೊಂಡು ಕಾದಿದ್ದನೋ ಆ ಮಾತನ್ನೇ ಅವನು ಕೈಯಾರೆ ಹಾಳು ಮಾಡಿಕೊಂಡಿದ್ದಾನೆ. ಮುಖದ ವಿಷಯದಲ್ಲೂ ಮಾಡಿದ್ದು ಇದನ್ನೇ ಅಲ್ವಾ? ಸಣ್ಣ ಗಾಯದ ಮೇಲೆ ಕಾದ ಉಕ್ಕು ಒತ್ತಿಕೊಂಡಿದ್ದು.

ಅವನಿಗೆ ಬೇಜಾರಾಗಿದೆ. ಪ್ರಪಂಚ ಗೆದ್ದ ಮನುಷ್ಯನಿಗೆ ಬೇಜಾರು.

ಇದರಿಂದಲೇ ಆ ಆಗದ ಲೆಕ್ಕ ಬಿಡಿಸಿಕೊಳ್ಳುತ್ತದೆ. ಡೂಮ್ ಗೆಲ್ಲಬೇಕು, ಆದರೆ ಕೊನೆಗೆ ಎಲ್ಲ ಮೊದಲಿನಂತಾಗಬೇಕು ಅಂದೆನಲ್ಲ. ಹೀರೋಗಳು ಬರುತ್ತಾರೆ, ಸ್ಫಟಿಕ ಒಡೆಯುವ ಘಳಿಗೆ ಬರುತ್ತದೆ, ಡೂಮ್‌ಗೆ ತಡೆಯುವ ಅವಕಾಶ ಇರುತ್ತದೆ. ತಡೆಯುವುದಿಲ್ಲ. ಹೀರೋಗಳ ಬಲಕ್ಕೆ ಮಣಿದು ಸೋತ ಅಂತ ಓದಿದರೆ ಇದು ಮಾಮೂಲಿ ಕಥೆ. ಸಾಕಾಯ್ತು ಅಂತ ಬಿಟ್ಟುಕೊಟ್ಟ ಅಂತ ಓದಿದರೆ ಕಥೆಯ ಬಣ್ಣವೇ ಬೇರೆ. ಆಮೇಲೆ ತಿಂಗಳ ಸಂಚಿಕೆಗಳಲ್ಲಿ ಡೂಮ್ ಎಷ್ಟು ಸಲ ಸೋತರೂ ನಮ್ಮ ತಲೆಯಲ್ಲಿ ಒಂದು ಅನುಮಾನ ಉಳಿದುಬಿಡುತ್ತದೆ. ಇವನಿಗೆ ಗೆಲ್ಲಲು ಆಗುತ್ತಿಲ್ಲವೋ, ಗೆದ್ದರೆ ಏನಾಗುತ್ತದೆ ಅಂತ ಗೊತ್ತಿರುವುದರಿಂದ ಆಟ ಆಡುತ್ತಿದ್ದಾನೋ?

ಇದನ್ನು ಓದಿ ರುಚಿ ಹತ್ತಿದರೆ ಮುಂದೆ ಎರಡು ದಾರಿ ಇದೆ. 1989ರಲ್ಲಿ ರೋಜರ್ ಸ್ಟರ್ನ್ ಬರೆದು ಮೈಕ್ ಮಿನ್ಯೋಲಾ ಚಿತ್ರಿಸಿದ ಟ್ರಯಂಫ್ ಅಂಡ್ ಟಾರ್ಮೆಂಟ್ ಇದೆ. ಡೂಮ್ ತನ್ನ ತಾಯಿಯ ಆತ್ಮ ಬಿಡಿಸಲು ನರಕಕ್ಕೆ ಹೋಗುವ ಕಥೆ. ಅದು ಮಾಟದ ಲೋಕ, ವಿಜ್ಞಾನ ಇಲ್ಲ, ಆದರೆ ಪುಸ್ತಕವಾಗಿ ಎಂಪರರ್ ಡೂಮ್‌ಗಿಂತ ಒಂದು ಕೈ ಮೇಲೆ. ಇನ್ನೊಂದು 2024ರಲ್ಲಿ ಜೊನಾಥನ್ ಹಿಕ್‌ಮನ್ ಮತ್ತು ಸ್ಯಾನ್‌ಫೋರ್ಡ್ ಗ್ರೀನ್ ಮಾಡಿದ ಒನ್ ಶಾಟ್, ಹೆಸರು ಬರೀ ಡೂಮ್. ಗ್ರಹಗಳನ್ನೇ ನುಂಗುವ ಗ್ಯಾಲಕ್ಟಸ್ ಎದುರು ಡೂಮ್, ಜೊತೆಗೆ ರೀಡ್ ರಿಚರ್ಡ್ಸ್‌ನ ಮಗಳು ವಲೇರಿಯಾ. ಯಾರ ಲೆಕ್ಕವನ್ನು ಅವನು ಒಪ್ಪಲಿಲ್ಲವೋ ಅವನ ಮಗಳೇ ಈಗ ಪಕ್ಕದಲ್ಲಿದ್ದಾಳೆ. ಗ್ರೀನ್ ಅವರ ಚಿತ್ರಗಳಲ್ಲಿ ಬಣ್ಣ ಪುಟದಿಂದ ಉಕ್ಕಿ ಹರಿಯುತ್ತದೆ, ಮಾತು ಕಡಿಮೆ. ಮೊದಲ ಸಲಕ್ಕೆ ಅದನ್ನೇ ಕೈಗೆತ್ತಿಕೊಂಡರೂ ತೊಂದರೆ ಇಲ್ಲ. ಆದರೆ ಎಂಪರರ್ ಡೂಮ್ ಓದಿಕೊಂಡು ಆಮೇಲೆ ಅದಕ್ಕೆ ಹೋದರೆ, ಅಧಿಕಾರವನ್ನು ಒಮ್ಮೆ ಕೈಯಾರೆ ಜಾರಲು ಬಿಟ್ಟವನು ಮತ್ತೆ ಅದರ ಹಿಂದೆ ಹೊರಟಾಗ ಅವನ ಜೊತೆ ಹೋಗುವುದಕ್ಕೆ ನಿಮಗೆ ಸ್ವಲ್ಪ ಭಯವಾಗುತ್ತದೆ.